ನಿರಾಕರಿಸಿದವರು ಹನ್ನೊಂದು ಮಂದಿ

ಹಾಲಿನಲ್ಲಿ ನೆನೆಸಿದ ಬಿಸ್ಕತ್ತಿನ ಮೂರನೆಯ ಚಮಚವನ್ನು ಮಗುವಿನ ಬಾಯಿಗಿಡುವ ಹೊತ್ತಿಗೆ ಅವಳಿಗೆ ಮತ್ತೆ ಆ ಹಾಳೆ ನೆನಪಾಯಿತು. ಮೂರು ದಿನದಿಂದ ಹೀಗೇ. ಒಲೆ ಆರಿಸಿದೆನೋ ಇಲ್ಲವೋ, ಚಿಲಕ ಹಾಕಿದೆನೋ ಇಲ್ಲವೋ ಎಂಬ ಹಳೆಯ ಚಿಂತೆಗಳಾದರೆ ಎದ್ದು ಹೋಗಿ ನೋಡಿ ಬಂದರೆ ತೀರುತ್ತಿದ್ದವು. ಇದು ತೀರುವಂಥದ್ದಲ್ಲ. ಹಾಳೆ ಕಚೇರಿಯಲ್ಲಿತ್ತು. ಅದರ ಹದಿನೇಳನೆಯ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಹೆಸರಿನ ಮುಂದೆ ಅವಳದೇ ಕೈಬರಹದಲ್ಲಿ "ಸಂಪರ್ಕಿಸಲಾಗಿದೆ, ಬರಲು ನಿರಾಕರಿಸಿದ್ದಾರೆ" ಎಂದಿತ್ತು. ಅವಳು ಅಕ್ಕನಿಗೆ ಫೋನ್ ಮಾಡಿಯೇ ಇರಲಿಲ್ಲ.

ಮಗು ಚಮಚವನ್ನು ಕಚ್ಚಿ ಹಿಡಿದು ನಕ್ಕಿತು. ಅವಳಿಗೆ ನಗು ಬರಲಿಲ್ಲ.

ಗಂಡ ಸರಕು ರೈಲಿನ ಗಾರ್ಡ್. ಹತ್ತು ದಿನಕ್ಕೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಈ ವಾರ ಎಲ್ಲಿದ್ದಾನೋ, ಫೋನಿಗೆ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಇದನ್ನು ಹೇಳಲು ಅವಳ ನಾಲಿಗೆ ಹೊರಳುತ್ತಿತ್ತೋ ಇಲ್ಲವೋ. ಎರಡು ಕೋಣೆಯ ಆ ಮನೆಯಲ್ಲಿ ಅವಳು ಮಾತಾಡುವುದೆಲ್ಲ ಮಗುವಿನ ಜೊತೆ, ಇಲ್ಲವೇ ಮುಚ್ಚಳ ಬಿಗಿಯಾದ ಡಬ್ಬಗಳ ಜೊತೆ.

ಹಗಲು ಮಗುವನ್ನು ನೋಡಿಕೊಳ್ಳುವ ಕೆಳಮನೆಯ ಆಂಟಿ ಬಾಗಿಲಲ್ಲೇ ಅವಳ ಮುಖ ಓದಿದರು.

"ಏನಮ್ಮಾ, ಮುಖ ಹೀಗೆ ಬಾಡಿದೆ? ನಿದ್ದೆ ಇಲ್ವಾ?"

"ಮಗೂಗೆ ಹಲ್ಲು ಬರ್ತಿದೆ ಆಂಟಿ."

"ಹಲ್ಲು ಮಗೂಗೆ ಬರ್ತಿದ್ರೆ ನೀನ್ಯಾಕೆ ತುಟಿ ಕಚ್ಕೊಂಡಿದೀಯ? ಹೋಗು ಹೋಗು, ಬಸ್ ತಪ್ಪುತ್ತೆ."

ಅವಳು ವಿದೇಶಾಂಗ ಇಲಾಖೆಯ ನಾಲ್ಕನೆಯ ಮಹಡಿಯಲ್ಲಿ ಬೆರಳಚ್ಚು ಗುಮಾಸ್ತೆ. ಸಮುದ್ರದಾಚೆಯ ಒಂದೇ ಒಂದು ದೇಶ ಅವಳ ವಿಭಾಗದ ಪಾಲಿಗೆ. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಆ ದೇಶದ ಕಡತದಲ್ಲಿ ಇದ್ದದ್ದು ಮೀನಿನ ಒಪ್ಪಂದ, ವಿದ್ಯಾರ್ಥಿಗಳ ವೀಸಾ, ಇಷ್ಟೇ. ಆಮೇಲೆ ಉತ್ತರದ ಊರುಗಳಲ್ಲಿ ಬಂದೂಕಿನವರು ಕಾಣಿಸಿಕೊಂಡರು. ಮೊದಲು ಹೆಣ್ಣುಮಕ್ಕಳ ಶಾಲೆ ಮುಚ್ಚಿಸಿದರು, ನಂತರ ಸಂತೆ, ನಂತರ ರಸ್ತೆ. ರಾಜಧಾನಿಯಲ್ಲಿ ವರ್ಷಕ್ಕೆರಡು ಸರ್ಕಾರ ಬಿದ್ದವು. ಇಲ್ಲಿ ನಾಲ್ಕನೆಯ ಮಹಡಿಯಲ್ಲಿ ಅದಕ್ಕೆ ಸರಿಯಾಗಿ ಪದಗಳು ಏರುತ್ತ ಹೋದವು. ಮೊದಲ ವರ್ಷ "ಕಳವಳ". ಎರಡನೆಯ ವರ್ಷ "ತೀವ್ರ ಕಳವಳ". ಆಮೇಲೆ "ಖಂಡನೆ", ಕೊನೆಗೆ "ಅತ್ಯಂತ ಕಟುವಾದ ಖಂಡನೆ". ಅಷ್ಟನ್ನೂ ಟೈಪ್ ಮಾಡಿದವಳು ಅವಳೇ.

"ಇದರ ಮೇಲೆ ನಮ್ಮ ಹತ್ರ ಪದ ಇಲ್ಲಮ್ಮ," ಎಂದಿದ್ದರು ವಿಭಾಗದ ಮುಖ್ಯಸ್ಥರು. "ಇನ್ನು ವಿಮಾನ ಕಳಿಸೋದೊಂದೇ." ಯಾರು ಏನೇ ಬರೆದು ಕೊಟ್ಟರೂ ಅದರಲ್ಲೊಂದು ಅಲ್ಪವಿರಾಮ ಸೇರಿಸದೆ ಸಹಿ ಹಾಕದ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಅವರನ್ನು ಅಲ್ಪವಿರಾಮ ಸಾರ್ ಎನ್ನುತ್ತಿದ್ದರು.

ಅವಳ ಅಕ್ಕ ಆ ದೇಶದ ಉತ್ತರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವಳಿನ್ನೂ ಒಂದನೇ ತರಗತಿ. ಜಡೆ ಹಾಕಿದ್ದು, ಕಾಯಿಲೆಯಲ್ಲಿ ಕೂತು ಕಾದಿದ್ದು, ಟೈಪಿಂಗ್ ಕ್ಲಾಸಿಗೆ ಕೈಹಿಡಿದು ಸೇರಿಸಿದ್ದು ಎಲ್ಲ ಅಕ್ಕನೇ. ಇವಳ ಹೆರಿಗೆಗೆ ಮಾತ್ರ ಅಕ್ಕ ಬರಲಿಲ್ಲ.

"ನಾನು ಬಂದ್ರೆ ಇಲ್ಲಿ ದಿನಕ್ಕೆ ಹತ್ತು ಹೆರಿಗೆ ಯಾರೇ ಮಾಡಿಸ್ತಾರೆ? ನಿನಗೇನು, ಊರ ತುಂಬ ಆಸ್ಪತ್ರೆ," ಎಂದಿದ್ದಳು ಫೋನಿನಲ್ಲಿ.

ಇಪ್ಪತ್ತು ಗಂಟೆ ನೋವು ತಿಂದು, ಪಕ್ಕದ ಹಾಸಿಗೆಯವಳ ಅಮ್ಮನಿಂದ ಬೆನ್ನು ನೀವಿಸಿಕೊಂಡು ಹೆತ್ತವಳು ಇವಳು. ಮೂರನೆಯ ದಿನ ಅಕ್ಕನ ಫೋನ್ ಬಂದಾಗ ಬಾಯಿಗೆ ಬಂದ ಹಾಗೆ ಅಂದುಬಿಟ್ಟಳು: "ನನಗೆ ಅಕ್ಕ ಅಂತ ಯಾರೂ ಇಲ್ಲ ಅಂದ್ಕೋತೀನಿ. ನೀನೂ ಹಾಗೇ ಅಂದ್ಕೋ." ಅಕ್ಕ ಹಾಗೇ ಅಂದುಕೊಂಡಳೋ ಏನೋ, ಮತ್ತೆ ಫೋನ್ ಮಾಡಲಿಲ್ಲ. ಮಗುವಿಗೆ ಈಗ ಹದಿನಾಲ್ಕು ತಿಂಗಳು.

ಸೋಮವಾರ ಸರ್ಕಾರ ತೀರ್ಮಾನಕ್ಕೆ ಬಂತು. ರಾಯಭಾರ ಕಚೇರಿಗೆ ತಿಂಗಳ ಹಿಂದೆಯೇ ಬೀಗ ಬಿದ್ದಿತ್ತು; ಈಗ ಉತ್ತರದಲ್ಲಿ ಉಳಿದಿರುವ ನಮ್ಮವರನ್ನೆಲ್ಲ ಹೊರಗೆ ತರುವುದು. ಬಂದೂಕಿನವರ ಜೊತೆ ನಾವು ಮಾತಿಗೆ ಕೂರುವುದಿಲ್ಲ, ಕೂತರೆ ಅವರನ್ನು ಸರ್ಕಾರವೆಂದು ಒಪ್ಪಿಕೊಂಡಂತೆ. ಪಕ್ಕದ ದೇಶ ಮಾತಾಡಿ ರಸ್ತೆ ಬಿಡಿಸಿಕೊಡಲಿ, ಅದಕ್ಕೆ ಪ್ರತಿಯಾಗಿ ಅವರ ಗಡಿ ಪಡೆಗೆ ನಾವು ತರಬೇತಿ ಕೊಡೋಣ. ಇದು ಲೆಕ್ಕಾಚಾರ. ಗುಮಾಸ್ತರಿಗೆಲ್ಲ ಒಂದೊಂದು ಹಾಳೆ ಹಂಚಲಾಯಿತು. ಹಾಳೆಯಲ್ಲಿರುವ ಪ್ರತಿಯೊಬ್ಬರಿಗೂ ಫೋನ್ ಮಾಡಿ ಮೂರರಲ್ಲೊಂದು ಉತ್ತರ ಬರೆಯಬೇಕು: ಬರುತ್ತಾರೆ, ಸಿಗಲಿಲ್ಲ, ನಿರಾಕರಿಸಿದ್ದಾರೆ. ಹಾಳೆಯಲ್ಲಿ ಬಂಧುಗಳಿದ್ದರೆ ಮೊದಲೇ ತಿಳಿಸಿ ಬೇರೆಯವರಿಗೆ ಕೊಡಬೇಕು.

ಹದಿನೇಳನೆಯ ಸಾಲು ಕಂಡ ಕೂಡಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಿದರೆ ಎಲ್ಲರೂ ಕೇಳುತ್ತಾರೆ: ಸ್ವಂತ ಅಕ್ಕ ಅಲ್ಲಿದ್ದಾಳಾ, ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ, ಯಾವಾಗ ಮಾತಾಡಿದ್ದು? ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರವರಿಗೆ ಫೋನ್ ಮಾಡಿ ಮುಗಿಸಿದಳು. ಹದಿನೇಳು ಖಾಲಿ ಉಳಿಯಿತು. "ಸಿಗಲಿಲ್ಲ" ಎಂದು ಬರೆದರೆ ಮರುದಿನ ಬೇರೆ ಗುಮಾಸ್ತರು ಮತ್ತೆ ಫೋನ್ ಮಾಡುತ್ತಾರೆ. ನಿರಾಕರಿಸಿದವರನ್ನು ಮತ್ತೆ ಯಾರೂ ಕೇಳುವುದಿಲ್ಲ. ಹೇಗಿದ್ದರೂ ಅಕ್ಕ ಬರುವವಳಲ್ಲ, ಹೆರಿಗೆ ವಾರ್ಡ್ ಬಿಟ್ಟು ಅವಳು ಯಾವತ್ತು ಬಂದಿದ್ದಾಳೆ? ಅಕ್ಕನ ಉತ್ತರವನ್ನು ಅಕ್ಕನ ಪರವಾಗಿ ತಾನೇ ಬರೆದಳು. ಬರೆಯುವಾಗ ಸ್ವಲ್ಪ ಸಿಟ್ಟೂ ಇತ್ತು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು, ಬರೆದದ್ದು ಮಾತ್ರ ಹಾಗೇ ಇತ್ತು.

ಇವತ್ತು ಗುರುವಾರ. ಮಧ್ಯಾಹ್ನ ಪಕ್ಕದ ಮೇಜಿನ ಹಿರಿಯ ಗುಮಾಸ್ತೆ ಊಟದ ಡಬ್ಬಿ ಮುಚ್ಚುತ್ತ ಹೇಳಿದಳು, "ರಸ್ತೆ ಸಿಕ್ತಂತೆ ಕಣೆ. ನಾಳೆ ಬೆಳಿಗ್ಗೆ ಆರರಿಂದ ಹನ್ನೆರಡು, ಆರೇ ಗಂಟೆ. ಪಟ್ಟಿ ಇವತ್ತು ನಾಲ್ಕಕ್ಕೆ ಮುಚ್ತಾರೆ."

"ಬರಲ್ಲ ಅಂದವರು?"

"ಬರಲ್ಲ ಅಂದ್ಮೇಲೆ ಬರಲ್ಲ. ಸರ್ಕಾರ ಏನು ಮದುವೆಗೆ ಕರೀತಿದೆಯಾ, ಅಕ್ಷತೆ ಹಿಡ್ಕೊಂಡು ಎರಡೆರಡು ಸಲ ಹೋಗೋಕೆ?"

ಅವಳು ಡಬ್ಬಿ ತೆರೆದವಳು ಹಾಗೇ ಮುಚ್ಚಿದಳು.

ಮೂರಕ್ಕೆ ಅಲ್ಪವಿರಾಮ ಸಾರ್ ಕರೆಸಿದರು. ಸಂಜೆ ಸದನದಲ್ಲಿ ಮಂತ್ರಿಗಳು ಓದಬೇಕಾದ ಹೇಳಿಕೆ. ಅವರು ನಿಂತು ಹೇಳುತ್ತಿದ್ದರು, ಅವಳು ಟೈಪ್ ಮಾಡುತ್ತಿದ್ದಳು.

"ಉಗ್ರವಾದಿಗಳೊಂದಿಗೆ ನೇರ ಮಾತುಕತೆ ಇಲ್ಲವೆಂಬ ನಮ್ಮ ನಿಲುವು ಬದಲಾಗಿಲ್ಲ. ನೆರೆರಾಷ್ಟ್ರದ ಸಹಕಾರದಿಂದ, ಅಲ್ಪವಿರಾಮ, ಮರಳಲು ಇಚ್ಛಿಸಿದ ಪ್ರತಿಯೊಬ್ಬ ನಾಗರಿಕನನ್ನೂ ಕರೆತರಲಾಗುತ್ತಿದೆ. ಎಲ್ಲರನ್ನೂ ಖುದ್ದಾಗಿ ಕೇಳಲಾಗಿದೆ. ನಿರಾಕರಿಸಿದವರು ಹನ್ನೊಂದು ಮಂದಿ."

ಟೈಪಿನ ಸದ್ದು ನಿಂತಿತು.

"ಹನ್ನೊಂದು," ಎಂದರು ಅವರು ಮತ್ತೊಮ್ಮೆ.

"ಹತ್ತು, ಸಾರ್," ಎಂದಳು ಅವಳು.

"ನಾನೇ ಎರಡು ಸಲ ಎಣಿಸಿದೀನಿ."

"ಒಬ್ಬರನ್ನ ಕೇಳಿಲ್ಲ ಸಾರ್. ಕೇಳದೇನೇ ಬರೆದೆ. ನನ್ನ ಹಾಳೆ, ಹದಿನೇಳನೇ ಸಾಲು. ನಮ್ಮಕ್ಕ."

ಅವರು ಕೂಗಾಡುತ್ತಾರೆಂದು ಅವಳು ಹೆಗಲು ಕುಗ್ಗಿಸಿ ಕೂತಿದ್ದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಕಣ್ಣುಜ್ಜಿಕೊಂಡರು. ಪಕ್ಕದ ಕೋಣೆಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

"ಮಂತ್ರಿಗಳು ಇದನ್ನ ನಿಂತು ಓದ್ತಾರೆ, ಗೊತ್ತಾ?" ಎಂದರು ಕೊನೆಗೆ. "ಎಲ್ಲರನ್ನೂ ಕೇಳಿದೀವಿ ಅಂತ. ನಾಡಿದ್ದು ಅಲ್ಲಿ ಏನಾದ್ರೂ ಆದ್ರೆ, ಅವರೇ ಬರಲಿಲ್ಲ ಅಂತ ಕಡತದಲ್ಲಿರುತ್ತೆ. ನಿಮ್ಮ ಅಕ್ಷರದಲ್ಲಿ."

"ಗೊತ್ತು ಸಾರ್. ಮೂರು ದಿನದಿಂದ ಅದೇ."

"ವಿವರಣೆ ನಾಳೆ ಬರೆದು ಕೊಡಿ. ಅದಕ್ಕೆ ಏನಾಗುತ್ತೋ ಅದೂ ನಾಳೆ, ನಾನು ಮುಚ್ಚಿಡೋನಲ್ಲ. ಈಗ ಮೂರು ಇಪ್ಪತ್ತು. ಬೇರೆ ಯಾರಿಗಾದ್ರೂ ಹೇಳ್ತೀನಿ, ಫೋನ್ ಮಾಡ್ತಾರೆ."

"ನಾನೇ ಮಾಡ್ತೀನಿ."

"ಅವರು ಬರಲ್ಲ ಅಂದ್ರೆ?"

"ಆಗ ಹನ್ನೊಂದೇ ಇರಲಿ ಸಾರ್. ಆದರೆ ಅದನ್ನ ಅವಳು ಹೇಳಿದ್ದಾಗಿರುತ್ತೆ."

ಅವರು ಮೇಜಿನ ಮೇಲಿನ ಫೋನನ್ನು ಅವಳ ಕಡೆ ತಳ್ಳಿ, ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ಕೋಣೆಯಲ್ಲಿ ಅವಳೊಬ್ಬಳೇ. ನಂಬರ್ ನೋಡಿಕೊಳ್ಳಲು ಹಾಳೆ ಬೇಕಿರಲಿಲ್ಲ. ಮೊದಲ ಸಲ ಲೈನ್ ಸಿಗಲಿಲ್ಲ. ಎರಡನೆಯ ಸಲ ಮಧ್ಯದಲ್ಲೇ ಕಡಿಯಿತು. ಗಡಿಯಾರ ಮೂರೂವರೆ ದಾಟಿತ್ತು. ಮೂರನೆಯ ಸಲ ದೂರದಲ್ಲಿ ಗಂಟೆ ಹೊಡೆದುಕೊಳ್ಳತೊಡಗಿತು. ಒಂದು, ಎರಡು, ಐದು, ಎಂಟು. ಎತ್ತುವುದಿಲ್ಲ, ಅವಳು ಎತ್ತುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಎತ್ತಿದರು.

ಬಾಯಿಗೆ ಬಂದದ್ದು ಇಲಾಖೆಯ ಮಾತು. "ನಮಸ್ಕಾರ, ವಿದೇಶಾಂಗ ಇಲಾಖೆಯಿಂದ ಮಾತಾಡ್ತಿದೀವಿ. ತಾವು..."

"ಪುಟ್ಟೀ?"

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಪುಟ್ಟೀ, ನೀನೇನಾ? ಮಗು ಹುಷಾರಾಗಿದೆಯಾ?"

"ಹುಷಾರಾಗಿದೆ. ಅಕ್ಕಾ, ನಾಳೆ ಬಸ್ಸು ಬರುತ್ತೆ. ನಮ್ಮವರನ್ನೆಲ್ಲ ಕರ್ಕೊಂಡು ಬರೋಕೆ. ನೀನು..."

"ಗೊತ್ತು. ಇಲ್ಲಿ ಎಲ್ಲರಿಗೂ ಫೋನ್ ಬಂತು. ಲ್ಯಾಬಿನವನಿಗೆ ಬಂತು, ಅಡುಗೆಯವಳಿಗೂ ಬಂತು. ಮಂಗಳವಾರವೇ ವಾರ್ಡಿಗೆ ಬೀಗ ಹಾಕಿಸಿಬಿಟ್ರು ಕಣೇ, ಹೆಂಗಸರು ಕೆಲಸ ಮಾಡಬಾರ್ದಂತೆ. ಚೀಲ ಕಟ್ಕೊಂಡು ಫೋನ್ ಮುಂದೆ ಕೂತಿದೀನಿ. ನಿಮ್ಮ ಇಲಾಖೆಗೆ ಮಾಡಿದ್ರೆ ಯಾವಾಗಲೂ ಎಂಗೇಜ್. ನನಗೊಬ್ಬಳಿಗೇ ಯಾಕೆ ಬರಲಿಲ್ಲ?"

ಸಿಗಲಿಲ್ಲ ಎನ್ನಬಹುದಿತ್ತು. ಲೈನ್ ಸರಿಯಿರಲಿಲ್ಲ ಎಂದರೆ ಅಕ್ಕ ನಂಬುತ್ತಿದ್ದಳು.

"ಮಾಡಬೇಕಾಗಿದ್ದವಳು ನಾನು," ಎಂದಳು. "ಸೋಮವಾರವೇ. ಮಾಡಲಿಲ್ಲ. ನೀನು ಬರಲ್ಲ ಅಂದೆ ಅಂತ ನಾನೇ ಬರೆದುಬಿಟ್ಟೆ."

ಲೈನ್ ಕಡಿಯಿತೇನೋ ಎಂದು ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅಕ್ಕ ಮೂಗು ಏರಿಸಿಕೊಂಡದ್ದು ಕೇಳಿಸಿತು.

"ಬಸ್ಸು ಎಲ್ಲಿಂದ ಹೊರಡುತ್ತೆ?" ಎಂದಳು ಅಕ್ಕ. "ಮೊದಲು ಅದನ್ನ ಹೇಳು."