ಬೇವಿನ ಮರದವರೆಗೆ ಅನುಮತಿ

ಬರ ಬಿದ್ದ ವರ್ಷಗಳಲ್ಲಿ ನಾನು ಬೀದರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೂತು ಹಾಲಿನೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹುಡುಕುತ್ತಿದ್ದೆ. ಬೇಸಿಗೆಯಲ್ಲಿ ಹಾಲು ಒಡೆಯದಿರಲೆಂದು ಕೆಲವರು ಅದನ್ನು ಬೆರೆಸುವುದುಂಟು. ಅದನ್ನು ಹಿಡಿಯಲು ಎಲೆಕ್ಟ್ರೋಡಿಗೆ ಕಿಣ್ವ ಹಚ್ಚುವುದು ವಾಡಿಕೆ. ಕಿಣ್ವಕ್ಕೆ ತಂಪು ಬೇಕು. ನಮ್ಮ ಫ್ರಿಜ್ಜಿಗೆ ದಿನದ ಅರ್ಧ ಹೊತ್ತು ಕರೆಂಟೇ ಇರುತ್ತಿರಲಿಲ್ಲ. ಕಿಣ್ವದ ಗೊಡವೆಯೇ ಬೇಡವೆಂದು ಕಾರ್ಬನ್ ಕಡ್ಡಿಯ ತುದಿಗೆ ತಾಮ್ರದ ಆಕ್ಸೈಡಿನ ನ್ಯಾನೊಕಣಗಳನ್ನು ಬಳಿದಿದ್ದೆ. ಪೆರಾಕ್ಸೈಡ್ ತಾಗಿದರೆ ಕಂಪ್ಯೂಟರಿನಲ್ಲಿ ಗೆರೆ ಮೇಲೇಳಬೇಕು.

ಒಂದು ದಿನ ನನ್ನ ಬಾಡಿಗೆ ಮನೆಗೆ ಬರುವ ಹಾಲನ್ನೇ ಒಯ್ದು ನೋಡಿದೆ. ಗೆರೆ ಎದ್ದಿತು. ಮನೆ ಮಾಲಕಿಗೆ, "ಏನೋ ಸ್ವಲ್ಪ ಕಾಣ್ತದರಿ, ಇನ್ನಾ ಖಾತ್ರಿ ಇಲ್ಲ" ಎಂದೆ. ಆ ಮಹಾತಾಯಿ ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತು ನನ್ನ ಮಾತಿನ ಮೊದಲರ್ಧವನ್ನಷ್ಟೇ ಹಂಚಿದರು. ಮರುದಿನ ಗಲ್ಲಿಯಲ್ಲಿ ಒಬ್ಬರೂ ಹಾಲು ಕೊಳ್ಳಲಿಲ್ಲ.

ಹಾಲು ಹಾಕುತ್ತಿದ್ದಾಕೆ ಔರಾದ ಕಡೆಯವಳು. ಊರಿನ ಬಾವಿ ಬತ್ತಿದ ಮೇಲೆ, ಇದ್ದೊಂದು ಎಮ್ಮೆಯನ್ನು ಹೊಡೆದುಕೊಂಡು ಬಂದು ಬೀದರಿನ ಹೊರಗೆ ಕೊಳಾರದ ಕಾರ್ಖಾನೆಗಳ ಹಿಂದೆ ಗುಡಿಸಲು ಹಾಕಿದ್ದಳು. ಜಗಳಕ್ಕೆ ಆಕೆ ಮನೆಗೆ ಬರಲಿಲ್ಲ. ಎಮ್ಮೆ ಸಮೇತ ನೇರ ಕಾಲೇಜಿಗೇ ಬಂದಳು.

"ಹಾಲು ನಿಂತರ ಇದನ್ನ ಭಾಲ್ಕಿ ಸಂತಿಗಿ ಹೊಡಿಬೇಕ್ರಿ ಮೇಡಂ. ಈ ಬರದಾಗ ಸಾಕಾಕ ಯಾರ್ ತಗೋತಾರ? ಕಡಿಯೋರೇ ತಗೋತಾರ. ಇಲ್ಲೇ ಹಿಂಡ್ತೇನಿ, ನಿಮ್ಮ ಮಶೀನಿಗಿ ಕುಡಸ್ರಿ."

ನನ್ನ ಮಾರ್ಗದರ್ಶಕರು ಓಡಿ ಬಂದರು. ಎಮ್ಮೆ ಒಳಗೆ ಬರಲು ವಿಭಾಗದ ಮುಖ್ಯಸ್ಥರ ಅನುಮತಿ ಬೇಕೆಂದರು. ಮುಖ್ಯಸ್ಥರು ಅವರೇ ಎಂದು ನೆನಪಿಸಿದೆ. ಸ್ವಲ್ಪ ಯೋಚಿಸಿ, ಬೇವಿನ ಮರದವರೆಗೆ ಅನುಮತಿ ಕೊಟ್ಟರು. ಆಕೆ ತೊಳೆದ ಬೀಕರಿಗೆ ಹಿಂಡಿದಳು. ಸರ್ ಅದನ್ನು ಎರಡೂ ಕೈಯಲ್ಲಿ ತೀರ್ಥದಂತೆ ಹಿಡಿದು ಒಳಗೆ ತಂದರು.

ಗೆರೆ ಮತ್ತೆ ಎದ್ದಿತು, ಮೊದಲಿನಷ್ಟೇ ಎತ್ತರಕ್ಕೆ.

"ಹಂಗಾರ ಎಮ್ಮಿನೇ ಹೊಟ್ಟ್ಯಾಗ ಔಷಧ ಬೆರಸ್ತದೇನ್ರಿ?" ಎಂದಳು.

ತಪ್ಪು ಎಮ್ಮೆಯದಲ್ಲ, ಎಲೆಕ್ಟ್ರೋಡಿನದು. ಕಿಣ್ವವಾಗಿದ್ದರೆ ಪೆರಾಕ್ಸೈಡನ್ನು ಮಾತ್ರ ಗುರುತಿಸುತ್ತಿತ್ತು. ನನ್ನ ತಾಮ್ರದ ಕಣಗಳು ಹಾಲಿನಲ್ಲಿ ಸಹಜವಾಗಿಯೇ ಇರುವ ಬೇರೆ ಪದಾರ್ಥಗಳಿಗೂ ಕೈಚಾಚುತ್ತಿದ್ದವು. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು. ಸರ್‌ಗೆ ಮಾತ್ರ ಖುಷಿಯೋ ಖುಷಿ. "ಇಷ್ಟು ತಾಜಾ ಸ್ಯಾಂಪಲ್ ಎಲ್ಲಿ ಸಿಗ್ತದ? ವಾರಕ್ಕೊಮ್ಮಿ ಎಮ್ಮಿ ತರ್ತಿಯೇನವ್ವ?" ಎಂದು ಕೇಳಿದರು.

ಅಂದು ಸಂಜೆ ಟ್ಯಾಂಕರಿನ ಸಾಲಿನಲ್ಲಿ ನಿಂತು, ಹಾಲು ಚೊಕ್ಕ ಅದ ಎಂದು ಗಂಟಲು ಹರಿಯುವಂತೆ ಹೇಳಿದೆ. ಮಾಲಕಿ ತೀರ್ಪು ಕೊಟ್ಟರು: "ಆಕಿ ಮಾತೂ ಬ್ಯಾಡ, ನಿನ್ನ ಮಶೀನೂ ಬ್ಯಾಡ. ಎಮ್ಮಿ ಗಲ್ಲಿಗಿ ಬರಲಿ, ನಮ್ಮ ಕಣ್ಣೆದುರಿಗಿ ಹಿಂಡಲಿ."

ಮರುದಿನದಿಂದ ಆಕೆ ಎಮ್ಮೆಯನ್ನು ಗಲ್ಲಿಯ ಲೈಟಿನ ಕಂಬಕ್ಕೆ ಕಟ್ಟಿ ಹಿಂಡತೊಡಗಿದಳು. ಚೊಂಬು ಹಿಡಿದ ಜನ ಸುತ್ತ ನಿಂತು, ಕೆಚ್ಚಲಿಂದ ಕಣ್ಣು ಕೀಳದೆ ಪಹರೆ ಕಾಯುತ್ತಿದ್ದರು. ಭಾಲ್ಕಿ ಸಂತೆ ತಪ್ಪಿತೆಂದು ನಾನೂ ನಿರಾಳವಾಗಿ ಚೊಂಬು ಒಡ್ಡಿದೆ.

"ನಿಮಗ ಬ್ಯಾಡ್ರಿ ಮೇಡಂ. ಕಲಬೆರಕಿ ನಿಮ್ಮ ಮಶೀನಿನಾಗ ಅದ. ಮೊದಲ ಅದನ್ನ ತೆಗೀರಿ, ಆಮ್ಯಾಲ ಹಾಕ್ತೇನಿ."

ಎಲ್ಲರೆದುರು ಹಾಗಂದದ್ದಕ್ಕೆ ಸಿಟ್ಟು ನೆತ್ತಿಗೇರಿತು. ಕರಿ ಚಹಾ ಕುಡಿಯುತ್ತ, ಹಲ್ಲು ಕಚ್ಚಿ ಕೆಲಸ ಮಾಡಿದೆ. ಎಲೆಕ್ಟ್ರೋಡ್ ಕೊನೆಗೂ ಪೆರಾಕ್ಸೈಡ್ ಒಂದನ್ನೇ ಹಿಡಿಯತೊಡಗಿದ ದಿನ, ಚೊಂಬು ಹಿಡಿದುಕೊಂಡೇ ಕೊಳಾರಕ್ಕೆ ಓಡಿದೆ. ಅಷ್ಟರಲ್ಲಿ ಔರಾದ ಕಡೆ ಮಳೆಯಾಗಿತ್ತು; ಅಂದು ಬೆಳಗ್ಗೆ ಗಲ್ಲಿಗೆ ಹಾಲು ಹಾಕಿದವಳು ಹಾಗೇ ಊರಿನ ದಾರಿ ಹಿಡಿದಿದ್ದಳು. ಗುಡಿಸಲು ಇದ್ದಲ್ಲಿ ಎಮ್ಮೆ ಕಟ್ಟುವ ಗೂಟವೊಂದೇ ಉಳಿದಿತ್ತು.