ಕೊತ್ತಂಬರಿ ಮಡಿಯ ತೀರ್ಪು

ಅರವತ್ತರ ದಶಕದಲ್ಲಿ ನಾನು ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಾ, ತಪ್ಪು ಮಾಡಿದವರಿಗೆ ಶಿಕ್ಷೆ ಯಾಕೆ ಕೊಡಬೇಕು ಅನ್ನುವುದರ ಮೇಲೆ ದೊಡ್ಡದೊಂದು ಪ್ರಬಂಧ ಬರೆಯುತ್ತಿದ್ದೆ. ಒಂದು ದಿನ ದೊಡ್ಡಬೆಳವಂಗಲದ ಹತ್ತಿರ ಬಸ್ಸು ಹಿಡಿಯುವ ಆತುರದಲ್ಲಿ ಹೊಲವನ್ನು ಅಡ್ಡಹಾಯ್ದು ಓಡಿ, ಆಗತಾನೇ ಬಿತ್ತಿದ್ದ ಕೊತ್ತಂಬರಿ ಮಡಿಯನ್ನು ತುಳಿದುಬಿಟ್ಟೆ. ಹೊಲದ ಅಜ್ಜಿ ನನ್ನ ತೋಳು ಹಿಡಿದು ನಿಲ್ಲಿಸಿ ಕೈಗೆ ಗುದ್ದಲಿ ಕೊಟ್ಟಳು.

"ಸರಿ ಮಾಡಿ ಹೋಗಪ್ಪಾ."

"ಅಜ್ಜೀ, ನಂಗೆ ಬುದ್ಧಿ ಬಂತು. ಇನ್ಯಾವತ್ತೂ ಈ ಕಡೆ ಬರಲ್ಲ. ಮತ್ತೆ ಶಿಕ್ಷೆ ಯಾಕೆ?" ಎಂದು ನನ್ನ ಪ್ರಬಂಧದ ಮೂರನೇ ಅಧ್ಯಾಯವನ್ನೇ ಒಪ್ಪಿಸಿದೆ.

"ನಿಂಗೆ ಬುದ್ಧಿ ಬರ್ಲಿ ಅಂತ ಯಾರಂದ್ರು? ನನ್ನ ಹೊಟ್ಟೆ ಉರೀತೈತಲ್ಲ, ಅದು ತಣ್ಣಗಾಗ್ಬೇಕು!"

ಬಸ್ಸು ಹೋಯಿತು. ಮಡಿ ಕಟ್ಟಿ ಮುಗಿಸುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಗುದ್ದಲಿ ಕೆಳಗಿಟ್ಟ ಕೂಡಲೇ ಅಜ್ಜಿ ತನ್ನ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಮುಂದಿಟ್ಟಳು. ನಾನು ನಾಚಿಕೊಂಡು ಬೇಡವೆಂದೆ.

"ಶಿಕ್ಷೆ ಮುಗೀತಲ್ಲ, ಇನ್ನೇನು ನಾಚ್ಕೆ? ಉಣ್ಣು. ಈಗ ನೀನು ನೆಂಟ."

ಶಿಕ್ಷೆ ಮುಗಿದ ಮೇಲೆ ನಾಚಿಕೆ ಉಳಿಯಬಾರದು ಎಂಬ ಆ ಮಾತನ್ನು ಪ್ರಬಂಧಕ್ಕೆ ಸೇರಿಸಿದೆ. ಓದಿ ನೋಡಿದ ನನ್ನ ಪ್ರೊಫೆಸರು ಬಹಳ ಮೆಚ್ಚಿಕೊಂಡು, "ಯಾವ ಜರ್ಮನ್ ಪಂಡಿತರದಯ್ಯಾ ಇದು? ಪುಸ್ತಕ ತರಿಸೋಣ" ಎಂದರು.

"ಅವರು ಇನ್ನೂ ಬರೆದಿಲ್ಲ ಸಾರ್" ಎಂದೆ.