ಚಟ್ನಿಪುಡಿ ಹತ್ತಿದ ಬೆರಳು

ಆ ಬೆರಳು ನನ್ನದಲ್ಲ.

ಉಪ್ಪಲ್‌ನ ನನ್ನ ಮನೆಗೆ ಭಾನುವಾರಗಳಂದು ಸರ್ಕ್ಯೂಟ್ ಬೆಂಡಿಂಗ್ ಕಲಿಯಲು ಬರುವವರಿಗೆಲ್ಲ ನಾನೊಂದು ಕತೆ ಹೇಳುತ್ತ ಬಂದಿದ್ದೇನೆ—ಚಿಕ್ಕವನಿದ್ದಾಗ ಆಟಿಕೆ ಕೀಬೋರ್ಡೊಂದರ ಬೆನ್ನು ಬಿಚ್ಚಿ, ಬೆರಳು ನೆಕ್ಕಿ, ಒಳಗಿನ ಬೋರ್ಡಿನ ಮೇಲಿಟ್ಟೆ, ಅದು ಚೀರಿತು, ಅಲ್ಲಿಂದ ನನ್ನ ಬದುಕೇ ತಿರುಗಿತು ಎಂದು. ಕೀಬೋರ್ಡು ನಿಜ. ಚೀರಿದ್ದು ನಿಜ. ಬೆರಳು ನನ್ನ ಕಾಕಾನ ಮಗಳು ವಾಣಿಯದು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು—ಹೇಳುವಾಗ ಈಗಲೂ ನನ್ನ ಕೈ ತುರಿಸುತ್ತದೆ. ಬಜಾರಿನ ಅಗ್ಗದ ಆಟಿಕೆಯೋ, ಗಿಟಾರಿನವರು ಕಾಲಲ್ಲಿ ಒತ್ತುವ ಅಗ್ಗದ ಎಫೆಕ್ಟ್ ಪೆಡಲ್ಲೋ, ಯಾವುದಾದರೂ ಸರಿ. ಬ್ಯಾಟರಿಯಿಂದ ನಡೆಯುವಂಥದ್ದಾಗಿರಬೇಕು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಾವುದನ್ನೂ ಬಿಚ್ಚಬಾರದು, ಈ ಮಾತಿನಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಹಿಂದಿನ ಸ್ಕ್ರೂ ತೆಗೆದು, ಸದ್ದು ನುಡಿಯುತ್ತಿರುವಾಗಲೇ, ಒದ್ದೆ ಬೆರಳನ್ನು ಬೋರ್ಡಿನ ಬೆಸುಗೆಯ ಚುಕ್ಕೆಗಳ ಮೇಲೆ ಓಡಾಡಿಸಿ. ಎಲ್ಲೋ ಒಂದು ಕಡೆ ಸ್ವರ ಜಾರುತ್ತದೆ—ಆಟಿಕೆ ನಾಯಿಮರಿಯ ಬೊಗಳಿಕೆ ಸಮುದ್ರದಡಿಯ ನರಳಾಟವಾಗುತ್ತದೆ! ಆ ಜಾಗಕ್ಕೆ ಗುರುತು ಹಾಕಿ, ಬೆರಳಿನ ಬದಲು ಒಂದು ತಂತಿ ಬೆಸೆದು, ನಡುವೆ ಸ್ವಿಚ್ಚನ್ನೋ ರೇಡಿಯೋದ ವಾಲ್ಯೂಮಿನಂಥ ತಿರುಗುಗುಂಡಿಯನ್ನೋ ಕೂರಿಸಿ. ತಯಾರಿಸಿದವರಿಗೂ ಗೊತ್ತಿರದ ಸದ್ದು ನಿಮ್ಮದಾಗುತ್ತದೆ. “ಭಾಯ್, ಶಾಕ್ ತೋ ನೈ ಲಗ್ತಾ ನಾ?” ಎಂದು ಶಾಕಿಗೆ ಹೆದರಿ ಹಿಂಜರಿದವರೇ ಸ್ವಲ್ಪ ಹೊತ್ತಿನಲ್ಲಿ ಬೆರಳು ನೆಕ್ಕುತ್ತ ಕೂಗಾಡುತ್ತಾರೆ.

ಕಾಚಿಗೂಡದ ಮನೆಯಲ್ಲಿ ಕಾಕು—ವಾಣಿಯ ತಾಯಿ—ಶನಿವಾರದ ಭಜನೆಗೆ ಅಂಥದೊಂದು ಆಟಿಕೆ ಕೀಬೋರ್ಡನ್ನೇ ಶ್ರುತಿಪೆಟ್ಟಿಗೆ ಮಾಡಿಕೊಂಡಿದ್ದರು. ಅದರ ಒಂದು ಪಟ್ಟಿಯ ಮೇಲೆ ಅಡಿಕೆ ಡಬ್ಬಿ ಇಟ್ಟರೆ ಷಡ್ಜ ಎಡೆಬಿಡದೆ ನುಡಿಯುತ್ತಿತ್ತು. ದೇವರ ಮುಂದಿನ ವಸ್ತುವಾದ್ದರಿಂದ ಅದಕ್ಕೂ ಮಡಿ. ಎಂಜಲ ಕೈ ತಾಗುವಂತಿರಲಿಲ್ಲ.

ಆ ಮಧ್ಯಾಹ್ನ ಅದನ್ನು ಬಿಚ್ಚಿದವನು ನಾನು—ಇದು ಖಂಡಿತ, ಅಥವಾ ಖಂಡಿತವೆಂದು ನಂಬಿದ್ದೇನೆ. ವಾಣಿ ಎದುರಿಗೆ ಕೂತು ಅವಲಕ್ಕಿ ತಿನ್ನುತ್ತಿದ್ದಳು. “ಇದೇನೊ, ಊರಿನ ನಕ್ಷಾ ಇದ್ದಂಗ ಐತಿ!” ಎಂದವಳೇ ಬೆರಳು ನೆಕ್ಕಿ ಬೋರ್ಡಿನ ಮೇಲಿಟ್ಟಳು. ಷಡ್ಜ ಜಾರಿತು—ಮೇಲೆ, ಇನ್ನೂ ಮೇಲೆ—ಇಬ್ಬರೂ ಎದ್ದು ಕುಣಿದೆವು. “ಮತ್ತ ಇಡಲ್ಯಾ?” ಇಟ್ಟಳು. ಕಿಟಾರನೆ ಚೀರಿ ಸದ್ದು ನಿಂತೇ ಹೋಯಿತು. ಕಾಕು ಓಡಿಬಂದರು.

“ಎಂಜಲ ಬೆರಳ ಹಚ್ಚಿದವ್ರು ಯಾರು ಇದಕ್ಕ?”

“ವಾಣಿ,” ಎಂದೆ.

ಅದು ಸುಳ್ಳಲ್ಲ—ಸುಳ್ಳಲ್ಲ ಎಂಬುದೇ ಇಷ್ಟು ವರ್ಷ ನನ್ನನ್ನು ಕಾಪಾಡಿತು. ಬಿಚ್ಚಿದವನು ನಾನೆಂದು ಹೇಳಲಿಲ್ಲ. ಕುಣಿದೆನೆಂದು ಹೇಳಲಿಲ್ಲ. “ಇನ್ನ ಮ್ಯಾಲೆ ಯಾವ ಮಷಿನ್ನಿಗೂ ನೀ ಕೈ ಹಚ್ಚಬ್ಯಾಡ,” ಎಂದರು ಕಾಕು ಅವಳಿಗೆ. ಮನೆಮಂದಿಯ ಬಾಯಲ್ಲಿ ಅವಳು ‘ಎಂಜಲಗೈ ವಾಣಿ’ಯಾದಳು, ನಾನೂ ಹಾಗೇ ಕರೆದೆ. ಟೇಪ್ ರೆಕಾರ್ಡರ್ ಕೆಟ್ಟರೆ ನನಗೆ ಕರೆ ಬರುತ್ತಿತ್ತು. ಮೈಲಿಗೆಯಾಯಿತೆಂದು ಎಸೆಯಲಿದ್ದ ಕೀಬೋರ್ಡು ನನ್ನ ಪಾಲಾಯಿತು. ಅದು ಕೆಟ್ಟೂ ಇರಲಿಲ್ಲ. ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಸಾಕು, ಏಳುತ್ತಿತ್ತು. ಕಾಲೇಜಿನಲ್ಲಿದ್ದಾಗ ಅದು ಗೊತ್ತಾದರೂ ಯಾರಿಗೂ ಹೇಳಲಿಲ್ಲ.

ಬೈಗುಳ ಬಂದಾಗ ಬೆರಳು ಅವಳದಾಗಿತ್ತು. ಚಪ್ಪಾಳೆ ಬರತೊಡಗಿದಾಗ—ಯಾವಾಗ ಅದು ನನ್ನದಾಯಿತು? ಕೂತು ಯೋಚಿಸಿ ಸುಳ್ಳು ಕಟ್ಟಿದ ನೆನಪಿಲ್ಲ. ಆದರೆ ನೆನಪಿನ ಮಾತನ್ನು ನಾನೇ ನಂಬುವುದಿಲ್ಲ. ಯಾರು ಏನು ಹೇಳಿದರೂ ಪುರಾವೆ ಕೇಳುವವನು ನಾನು, ಇದೊಂದಕ್ಕೆ ಮಾತ್ರ ಕೇಳಲಿಲ್ಲ.

ಮೊನ್ನೆ ಭಾನುವಾರ ವಾಣಿ ಬಂದಳು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಚೀಲದಲ್ಲೊಂದು ಅಗ್ಗದ ಪೆಡಲ್ ತಂದು, ಹೇಳದೆ ಕೇಳದೆ ಹಿಂದೆ ಕೂತಿದ್ದಳು. ನಾನು ಕತೆ ಹೇಳಿದೆ—ಅವಳ ಮುಂದೆಯೇ, ತಡವರಿಸದೆ. ಎಲ್ಲರೂ ಹೋದ ಮೇಲೆ ನಕ್ಕಳು.

“ಭಾಳ ಛಂದ ಹೇಳ್ತಿ ಬಿಡೊ ಶ್ರೀಧರ. ಚಟ್ನಿಪುಡಿ ಒಂದ ಮರ್ತಿ.”

“ಯಾವ ಚಟ್ನಿಪುಡಿ?”

“ಅವಲಕ್ಕಿಗೆ ಹಚ್ಚಿದ್ದು. ಖಾರ ಅಂತ ನೀ ಮುಟ್ಟತಿದ್ದಿಲ್ಲ.”

ಕತೆಗೆಂದು ಮುಂದಿಟ್ಟಿದ್ದ ಅದೇ ಕೀಬೋರ್ಡನ್ನು ಮಗುಚಿ ಬೆನ್ನು ಬಿಚ್ಚಿದೆ. ಬೋರ್ಡಿನ ಅಂಚಿನಲ್ಲಿ ಒಂದು ಮಾಸಲು ಕೆಂಪು ಕಲೆ—ಬೆಸುಗೆಯ ರಾಳವೆಂದು ಎಲ್ಲರಿಗೂ ತೋರಿಸುತ್ತಿದ್ದೆ. ಕಲೆಯಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಕಣ್ಣು ಮುಚ್ಚಿದೆ, ಆ ಬೆರಳನ್ನು ನೋಡಿದೆ. ಅದರ ತುದಿ ನನ್ನ ಕಡೆಗೆ ಇತ್ತು! ಇಷ್ಟು ವರ್ಷವೂ ನನ್ನ ಕಡೆಗೇ ಇತ್ತು. ಯಾರಿಗಾದರೂ ತಮ್ಮ ಬೆರಳು ಎದುರಿನಿಂದ ಬರುತ್ತದೆಯೇ?

“ಅವತ್ತಿಂದ ಏನನ್ನೂ ಬಿಚ್ಚಿಲ್ಲ ನಾ,” ಎಂದಳು ಪೆಡಲ್ ತೋರಿಸುತ್ತ. “ಇದನ್ನ ಬಿಚ್ಚಬೇಕು ಅಂತ ಆಸೆ. ನೀ ಮೊದಲ ಅವ್ವಗ ಹೇಳು.”

ಈ ಭಾನುವಾರ ಕಾರ್ಯಾಗಾರ ಇಡಲಿಲ್ಲ. ಕೀಬೋರ್ಡು ಹಿಡಿದು ಕಾಚಿಗೂಡಕ್ಕೆ ಹೋದೆ. ವಾಣಿಯ ಎದುರಿಗೇ ಕಾಕುವಿಗೆ ಎಲ್ಲ ಹೇಳಿದೆ—ಬಿಚ್ಚಿದ್ದು, ಕುಣಿದದ್ದು, ಅವಳ ಬೆರಳನ್ನು ನನ್ನದು ಮಾಡಿಕೊಂಡು ಚಪ್ಪಾಳೆ ಗಿಟ್ಟಿಸಿದ್ದು. ಕಾಕು ಕೀಬೋರ್ಡಿನ ಕಡೆ ನೋಡಿದರು. ಆಮೇಲೆ ಕೇಳಿದರು:

“ಹೆಂಗ ಒದರಿತ್ತು ಅದು?”

ಎಷ್ಟು ಉತ್ಸಾಹ ನನಗೆ! ಷಡ್ಜದ ಮೇಲೆ ಡಬ್ಬಿ ಇಟ್ಟು, ಬೆನ್ನು ಬಿಚ್ಚಿ, ಬೆರಳನ್ನು ನಾಲಿಗೆಯ ತನಕ ಒಯ್ದೆ—ಅಲ್ಲೇ ನಿಲ್ಲಿಸಿದೆ. ಕೀಬೋರ್ಡನ್ನು ವಾಣಿಯ ಕಡೆ ಸರಿಸಿದೆ.

ಅವಳು ಬೆರಳು ಚಾಚಿದಳು. ಮುಟ್ಟುವ ಮೊದಲು, ತನಗೇ ಅರಿವಿಲ್ಲದೆ, ಅದನ್ನು ವೇಲಿಗೆ ಒರೆಸಿಕೊಂಡಳು—ಒಮ್ಮೆ, ಮತ್ತೊಮ್ಮೆ. ಒಣ ಬೆರಳಿಗೆ ಸ್ವರ ಬದಲಾಗುವುದಿಲ್ಲ. ಷಡ್ಜ ಹಾಗೇ ನುಡಿಯುತ್ತಿತ್ತು.

“ನೆಕ್ಕು,” ಎಂದರು ಕಾಕು.